ಎರಡು ಸಲ ಅಳೆದ ಹೃದಯ

"ಎಡಕ್ಕೆ ಹೊರಳಿ ಮಲಗಿ. ಉಸಿರು ಬಿಟ್ಟು ಹಾಗೇ ಇರಿ."

ದಿನಕ್ಕೆ ಎಷ್ಟೋ ಸಲ ಹೇಳುವ ಮಾತು. ಅದನ್ನು ಹೇಳುವಾಗ ವಚನಾ ಮಲಗಿದವರ ಮುಖ ನೋಡುವುದಿಲ್ಲ. ಎಕೋ ಪರೀಕ್ಷೆಯ ಆ ಕತ್ತಲೆ ಕೋಣೆಯಲ್ಲಿ ಅವಳ ಕಣ್ಣಿರುವುದು ಪರದೆಯ ಮೇಲೆ, ಅಲ್ಲಿ ಬೂದು ಬಣ್ಣದಲ್ಲಿ ಮಿಡಿಯುವ ಹೃದಯದ ಮೇಲೆ.

ಹೀಗಾಗಿ ಆರ್ನೆಲ್ ದಿಮಾಯುಗಾನ ಮುಖಕ್ಕಿಂತ ಮೊದಲು ಅವಳು ನೋಡಿದ್ದು ಅವನ ಹೃದಯವನ್ನು.

ದೊಡ್ಡ ಹೃದಯ. ಅವಸರವೇ ಇಲ್ಲದೆ ಬಡಿದುಕೊಳ್ಳುತ್ತಿತ್ತು. ಗೋಡೆ ಮಾತ್ರ… ಸ್ವಲ್ಪ ದಪ್ಪ?

ಅವಳ ಕೈ ನಿಂತಿತು.

ಬಾಗಿಲ ಬಳಿ ನಂದೀಶ ನಿಂತಿದ್ದ. ಅಂಗಿ ಬೆವರಿಗೆ ಮೈಗಂಟಿತ್ತು. ಮೊಣಕಾಲಿಗೆ ಧಾರವಾಡದ ಮೈದಾನದ ಕೆಂಪು ಧೂಳು ಮೆತ್ತಿತ್ತು. ಅವನು ಏನೂ ಹೇಳಲಿಲ್ಲ. ಯಾವತ್ತೂ ಹೇಳುವುದಿಲ್ಲ. ಪರದೆಯನ್ನೇ ನೋಡುತ್ತಿದ್ದ.

ವಚನಾ ಆ ಗೋಡೆಯನ್ನು ಅಳೆದಳು. ನಂಬಿಕೆ ಬರಲಿಲ್ಲ. ಮತ್ತೆ ಅಳೆದಳು.

"ಏನಾದ್ರೂ ತೊಂದರೆ ಇದೆಯಾ, ಮ್ಯಾಮ್?"

ಆಗ ಅವಳು ಮಲಗಿದ್ದವನ ಮುಖ ನೋಡಿದಳು. ಕಂದು ಬಣ್ಣ, ಅಗಲ ಕೆನ್ನೆ, ನಗು ಬಂದರೆ ಇಡೀ ಕಣ್ಣು ಮುಚ್ಚಿಹೋಗುವಂಥ ಮುಖ. ಅದು ಅವಳ ಮುಖವನ್ನೇ ಓದುತ್ತಿತ್ತು. ಎಷ್ಟು ಹೊತ್ತಿನಿಂದ?

"ಡಾಕ್ಟರ್ ಹೇಳ್ತಾರೆ," ಎಂದಳು. ಹೇಳಲು ಅವಳಿಗೆ ಅನುಮತಿ ಇದ್ದದ್ದು ಅಷ್ಟೇ.

*

ನಂದೀಶ ಅವಳನ್ನು ಮದುವೆಯಾಗಬೇಕಿದ್ದವನು. ನಿಶ್ಚಿತಾರ್ಥವಾಗಿತ್ತು. ಒಂದು ಸಂಜೆ ಧಾರವಾಡದಲ್ಲಿ, ಅವಳ ಕಣ್ಣೆದುರಿಗೇ, ಬ್ಯಾಸ್ಕೆಟ್‌ಬಾಲ್ ಆಡುತ್ತ ಚೆಂಡಿನ ಹಿಂದೆ ಓಡುತ್ತಿದ್ದವನು ಬಿದ್ದ. ಏಳಲಿಲ್ಲ. ಹೃದಯದ ಗೋಡೆ ಹುಟ್ಟಿನಿಂದಲೇ ದಪ್ಪಗಿದ್ದಿರಬೇಕು ಎಂದು ಆಮೇಲೆ ಯಾರೋ ವೈದ್ಯರು ಹೇಳಿದರು. ಇದ್ದಿರಬೇಕು, ಅಷ್ಟೇ. ಅವನು ಬದುಕಿದ್ದಾಗ ಆ ಎದೆಯೊಳಗೆ ಯಾರೂ ಇಣುಕಿ ನೋಡಿರಲಿಲ್ಲ.

ಬಿ.ಎಸ್ಸಿ. ಮುಗಿಸಿದ್ದ ವಚನಾ ಆಕ್ಲೆಂಡಿನಲ್ಲಿದ್ದ ಅಕ್ಕ ರಮಾಳ ಮನೆ ಸೇರಿದಳು. ಓದಲು ಎಷ್ಟೋ ದಾರಿಗಳಿದ್ದವು. ಅವಳು ಆರಿಸಿಕೊಂಡದ್ದು ಈ ಕೆಲಸವನ್ನು. ಈಗ ಅವಳು ಎಲ್ಲರ ಎದೆಯೊಳಗೂ ನೋಡುತ್ತಾಳೆ.

ನಂದೀಶನೂ ಬಂದಿದ್ದ, ಅವಳ ಹಿಂದೆಯೇ, ಸಮುದ್ರ ದಾಟಿ. ಅಕ್ಕಪಕ್ಕದ ಮಕ್ಕಳು ಅಂಗಳದಲ್ಲಿ ಚೆಂಡು ಪುಟಿಸಿದರೆ ಅವಳು ಕಿಟಕಿ ಮುಚ್ಚುತ್ತಿದ್ದಳು. ಸದ್ದು ನಿಲ್ಲುತ್ತಿತ್ತು. ಅವನು ಒಳಗೇ ಉಳಿಯುತ್ತಿದ್ದ.

ಡಾಕ್ಟರ್ ಉದಯಶಂಕರ್ ಮೈಸೂರಿನವರು, ಯಾವಾಗಲೂ ನಗುಮುಖ. ಆರ್ನೆಲ್‌ನ ಚಿತ್ರಗಳನ್ನೆಲ್ಲ ನೋಡಿ, "ಇದು ಓಡಿ ಓಡಿ ಬೆಳೆದ ಹೃದಯ ಕಣಮ್ಮಾ. ಆಟಗಾರರದ್ದು ಹೀಗೇ ಇರುತ್ತೆ. ಗಟ್ಟಿಮುಟ್ಟಾಗಿದೆ," ಎಂದರು. ಅದನ್ನೇ ಆರ್ನೆಲ್‌ನಿಗೂ ತಿಳಿಸಿ, ಧಾರಾಳವಾಗಿ ಆಡಪ್ಪಾ ಎಂದು ಕಳಿಸಿಕೊಟ್ಟರು.

ಅಂದು ಬಸ್ಸಿನಲ್ಲಿ ಕುಳಿತಾಗ ವಚನಾಳ ಕಣ್ಣು ತುಂಬಿತ್ತು. ಗುರುತಿಲ್ಲದ ಒಬ್ಬ ಮನುಷ್ಯ ಬದುಕುತ್ತಾನೆ ಎಂಬುದಕ್ಕೆ ಇಷ್ಟೊಂದು ಅಳು ಯಾಕೆ?

*

ಅದು ಎರಡು ಸಾವಿರದ ಆರನೆಯ ಇಸವಿಯ ಜೂನ್. ಆ ದೇಶದಲ್ಲಿ ಅದು ಚಳಿಗಾಲ, ಚಳಿ ಕಚ್ಚುತ್ತಿತ್ತು. ಒಂದು ಶನಿವಾರ ಡ್ಯೂಟಿ ಮುಗಿಸಿ ಬರುವ ದಾರಿಯಲ್ಲಿ, ಪಾಪಟೋಟೊಯಿಯ ಇಂಡಿಯನ್ ಅಂಗಡಿಯಲ್ಲಿ ಅವಳು ಹುಣಸೆಹಣ್ಣಿಗೆ ಕೈ ಚಾಚಿದಾಗ ಅದೇ ಪೊಟ್ಟಣಕ್ಕೆ ಮೇಲಿನಿಂದ ಇನ್ನೊಂದು ಕೈ ಬಂತು.

"ಹಾರ್ಟ್ ಮ್ಯಾಮ್!"

ಅಂಗಡಿಯವರೆಲ್ಲ ತಿರುಗಿ ನೋಡಿದರು. ಅವಳಿಗೆ ನಾಚಿಕೆಯಾಯಿತು. ಆರ್ನೆಲ್ ಅದೇ ಬೀದಿಯಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿದ್ದ. ಅವರ ಊರಿನ ಹುಳಿ ಸಾರಿಗೂ ಹುಣಸೆಯೇ ಬೇಕಂತೆ.

"ನನ್ನ ಹೃದಯ ನೋಡಿದ ಮೊದಲ ಹೆಂಗಸು ನೀವು. ನಾಳೆ ಮದುವೆಯಾಗೋ ಹುಡುಗಿಗೆ ನಾನು ಏನಂತ ಹೇಳ್ಲಿ?"

ಅವಳು ನಕ್ಕುಬಿಟ್ಟಳು. ನಕ್ಕ ಮೇಲೆ ಹೆದರಿ ಅಂಗಡಿಯ ಮೂಲೆಗಳನ್ನೆಲ್ಲ ನೋಡಿದಳು. ಅಲ್ಲಿ ಅಕ್ಕಿ ಚೀಲಗಳು ಮಾತ್ರ ಇದ್ದವು.

ಮುಂದಿನ ಶನಿವಾರವೂ ಅವನು ಅಲ್ಲಿದ್ದ. ಅದರ ಮುಂದಿನದೂ. ರೈಲು ನಿಲ್ದಾಣದ ಬೆಂಚಿನ ಮೇಲೆ ಕಾಗದದ ಲೋಟದ ಚಹಾ ಹಿಡಿದು ಅವನು ತನ್ನ ಕತೆ ಹೇಳಿದ. ಅವನ ಊರು ಮನಿಲಾದಿಂದ ದಕ್ಷಿಣಕ್ಕಿರುವ ಬತಾಂಗಾಸ್. ಅಲ್ಲಿ ಗಲ್ಲಿ ಗಲ್ಲಿಯಲ್ಲೂ ತೆಂಗಿನ ಕಂಬಕ್ಕೆ ಮೊಳೆ ಹೊಡೆದ ರಿಂಗು, ಹವಾಯಿ ಚಪ್ಪಲಿಯಲ್ಲೇ ಆಟ. ಮನಿಲಾದ ದೊಡ್ಡ ತಂಡಗಳು ಯಾವುವೂ ಆರಿಸಿಕೊಳ್ಳದಿದ್ದಾಗ ಆಕ್ಲೆಂಡಿಗೆ ಬಂದ. ಹಗಲು ಪೆನ್‌ರೋಸಿನ ಗೋದಾಮಿನಲ್ಲಿ ಪೆಟ್ಟಿಗೆ ಇಳಿಸುವುದು, ವಾರದ ಕೊನೆಗೆ ಅರ್ಧ ಖಾಲಿ ಹಾಲ್‌ನಲ್ಲಿ ಬ್ಯಾಸ್ಕೆಟ್‌ಬಾಲ್.

ಈಗ ಅದೇ ಮನಿಲಾ ಕರೆಯುತ್ತಿತ್ತು. ಎಕೋ ಪರೀಕ್ಷೆ ಕೇಳಿದ್ದೂ ಅವರೇ. ಇಲ್ಲಿನ ಕೋಚ್ ಮಾತ್ರ ಬಿಡಲು ಸಿದ್ಧನಿರಲಿಲ್ಲ, ಇನ್ನೂ ಎರಡು ವರ್ಷ ಇರು ಎನ್ನುತ್ತಿದ್ದ.

"ಅಮ್ಮ ನಾನು ದೊಡ್ಡ ಕೋರ್ಟಿನಲ್ಲಿ ಆಡಿದ್ದನ್ನ ನೋಡೇ ಇಲ್ಲ," ಎಂದ. ಆಮೇಲೆ ಯಾಕೋ ಎದೆ ಮುಟ್ಟಿಕೊಂಡ.

ತನ್ನ ಆಟಕ್ಕೆ ಬನ್ನಿ ಎಂದು ಎಷ್ಟೋ ಸಲ ಕರೆದ. ಡ್ಯೂಟಿ ಇದೆ, ನೆಗಡಿ ಆಗಿದೆ, ಅಕ್ಕನ ಮನೆಗೆ ನೆಂಟರು ಬರುತ್ತಾರೆ… ಅವಳು ಪ್ರತಿ ಸಲವೂ ಹೊಸ ಸುಳ್ಳು ಹುಡುಕಿದಳು. ಅವನು ಒತ್ತಾಯ ಮಾಡುತ್ತಿರಲಿಲ್ಲ. ತನಗೆಲ್ಲ ಅರ್ಥವಾಗಿದೆ ಎಂಬಂತೆ ತಲೆಯಾಡಿಸುತ್ತಿದ್ದ.

ಒಂದು ಶನಿವಾರ ಅವನು ಹೇಳಿದ. "ಮನಿಲಾದವರಿಗೆ ಸೋಮವಾರ ಉತ್ತರ ಕೊಡಬೇಕು. ಬರಲ್ಲ ಅಂತೀನಿ."

ಅವಳ ಎದೆ ಹಾರಿತು. "ಯಾಕೆ?"

"ನಿಮಗೆ ಗೊತ್ತಲ್ಲ, ಮ್ಯಾಮ್."

ಗೊತ್ತಿತ್ತು! ಗೊತ್ತಿದೆ ಎಂದುಕೊಂಡಳು. ರೈಲು ಬಂದು ಹೋಯಿತು. ಅವಳು ಹತ್ತಲಿಲ್ಲ. ಅವನ ಕೈ ಅವಳ ಕೈ ಮೇಲಿತ್ತು. ಇಷ್ಟು ವರ್ಷಗಳಾದ ಮೇಲೆ ಒಬ್ಬ ಮನುಷ್ಯ ತನಗಾಗಿ ಉಳಿಯುತ್ತಿದ್ದಾನೆ…

ಎದುರಿನ ಪ್ಲಾಟ್‌ಫಾರ್ಮಿನಲ್ಲಿ ನಂದೀಶ ನಿಂತಿದ್ದ. ಅವನ ಮುಖದಲ್ಲಿ ಸಂತೋಷವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

*

ಮೌಂಟ್ ರಾಸ್ಕಿಲ್‌ನ ಮನೆಯಲ್ಲಿ ರಮಾ ರೊಟ್ಟಿ ಬಡಿಯುತ್ತಿದ್ದಳು. ಶನಿವಾರಗಳ ಆರ್ನೆಲ್ ಯಾರೆಂದು ಮನೆಯಲ್ಲಿ ಗೊತ್ತಿತ್ತು, ಉಳಿದ ವಿಷಯ ತಂಗಿಯ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ವಚ್ಚಿ, ಮತ್ತ ಬ್ಯಾಸ್ಕೆಟ್‌ಬಾಲ್ ಆಡಾಂವನ ಬೇಕಿತ್ತೇನವಾ ನಿನಗ? ಕ್ರಿಕೆಟ್ ಆಡೋರು ಕಡಿಮಿ ಬಿದ್ದಿದ್ರೇನು?"

ಭಾವ ಗುರುದತ್ ಪೆನ್‌ರೋಸಿನ ಅದೇ ಗೋದಾಮಿನಲ್ಲಿ ಮ್ಯಾನೇಜರ್. ತಮ್ಮ ಕೈಕೆಳಗಿನ ಹುಡುಗ ಎಂಬ ಅಭಿಮಾನಕ್ಕೆ ಆರ್ನೆಲ್‌ನ ಒಂದು ಆಟವನ್ನೂ ಅವರು ತಪ್ಪಿಸಿರಲಿಲ್ಲ.

"ಆಡ್ತಾನ ಅಂತೀಯಲ್ಲ ರಮಾ, ಎಲ್ಲಿ ಆಡ್ತಾನ ಈಗ?" ಎಂದರು. "ಮೊದಲ ಹೆಂಗ್ ಹಾರ್ತಿದ್ದ! ಆ ಡಾಕ್ಟರ್ ಕಡೆ ಹೋಗಿ ಬಂದಾಗಿಂದ ಬಾಲ್ ಬಂದ್ರ ಬಿಸಿ ಹಂಚು ಮುಟ್ಟಿದಂಗ ಮಾಡ್ತಾನ. ಎದಿ ಮ್ಯಾಲ ಕೈ ಇಟ್ಕೊಂಡು ನಿಂತಬಿಡ್ತಾನ. ಮಂದಿ ನಗಾಕತ್ತಾರ."

ವಚನಾಳ ಕೈಯಲ್ಲಿದ್ದ ತಾಟು ನೆಲಕ್ಕೆ ಬಿತ್ತು.

ಮರುದಿನ ಭಾನುವಾರ. ಮಧ್ಯಾಹ್ನದ ಆಟ. ತನ್ನನ್ನೂ ಕರೆದುಕೊಂಡು ಹೋಗಿ ಎಂದು ಅವಳು ಭಾವನಿಗೆ ಹೇಳಿದಾಗ ರಮಾ ಅವಳ ಕೊರಳಿಗೆ ತನ್ನ ಉಣ್ಣೆಯ ಶಾಲು ಸುತ್ತಿದಳು.

ಹಾಲ್‌ನ ಒಳಗೆ ಕಾಲಿಡುತ್ತಲೇ ಆ ಸದ್ದು. ಮರದ ನೆಲದ ಮೇಲೆ ಚೆಂಡು. ಅವಳು ಗೋಡೆ ಹಿಡಿದು ನಿಂತಳು.

ಆರ್ನೆಲ್‌ನ ಕೈಗೆ ಚೆಂಡು ಬಂತು. ಮುಂದೆ ದಾರಿ ತೆರೆದಿತ್ತು, ತಡೆಯುವವರು ಯಾರೂ ಇರಲಿಲ್ಲ. ಅವನು ಓಡತೊಡಗಿದ. ಅಷ್ಟರಲ್ಲಿ ಏನೋ ನೆನಪಾದವನಂತೆ ನಿಂತ. ಕೈ ಎದೆಗೆ ಹೋಯಿತು. ಚೆಂಡನ್ನು ಇನ್ನೊಬ್ಬನಿಗೆ ಎಸೆದ. ಬೆಂಚಿನಿಂದ ಕೋಚ್ ಏನೋ ಕೂಗಿದ.

ಆ ಕೈಯನ್ನು ಅಲ್ಲಿ ಇಟ್ಟವಳು ತಾನೇ ಎಂದು ವಚನಾಳಿಗೆ ತಿಳಿಯಿತು.

ಅವನು ಉಳಿಯುತ್ತಿರುವುದು ಪ್ರೀತಿಗಲ್ಲ… ಭಯಕ್ಕೆ. ಆ ಭಯ ನನ್ನದು. ಕತ್ತಲೆ ಕೋಣೆಯಲ್ಲಿ ನನ್ನ ಮುಖದಿಂದ ಇಳಿದು ಅವನ ಮೈ ಹೊಕ್ಕಿದೆ.

*

ಆಟ ಮುಗಿಯಿತು. ಜನ ಖಾಲಿಯಾದರು. ಭಾವ ಕಾರಿನ ಬಳಿ ಕಾಯುತ್ತೇನೆಂದು ಹೊರಗೆ ಹೋದರು. ಬೆಂಚಿನ ಮೇಲೆ ಒಬ್ಬನೇ ಕುಳಿತಿದ್ದ ಆರ್ನೆಲ್ ಅವಳನ್ನು ನೋಡಿ ಎದ್ದುನಿಂತ. ಸಂತೋಷ, ಅದರ ಹಿಂದೆಯೇ ನಾಚಿಕೆ.

"ಇಂಥ ಆಟವನ್ನೇ ನೋಡೋಕೆ ಬರಬೇಕಿತ್ತಾ?"

ಡಾಕ್ಟರ್ ಚೆನ್ನಾಗಿದೆ ಎಂದರಲ್ಲ, ಮತ್ತೆ ಯಾಕೆ ಹೀಗೆ ಎಂದು ಕೇಳಿದಳು. ಅವನು ಮತ್ತೆ ಬೆಂಚಿನ ಮೇಲೆ ಕುಳಿತ.

"ಡಾಕ್ಟರು ನಕ್ಕರು. ಅವರಿಗೆ ನಗೋದು ಅಭ್ಯಾಸ. ನೀವು ಎರಡು ಸಲ ಅಳೆದಿರಿ, ಮ್ಯಾಮ್. ಎರಡನೇ ಸಲ ನೀವು ಅಳೋ ಹಾಗಿದ್ರಿ. ನಾನು ಯಾರನ್ನ ನಂಬಲಿ?" ಅವನು ಬೂಟಿನ ಲೇಸು ಎಳೆದುಕೊಂಡ. "ಮನಿಲಾದಲ್ಲಿ ಆಟ ಬಹಳ ಬಿರುಸು. ಅಮ್ಮನ ಕಣ್ಣೆದುರಿಗೆ ಬೀಳೋದು ಬೇಡ ಅನ್ನಿಸ್ತು. ಬೀಳೋದಾದ್ರೆ ಇಲ್ಲೇ ಬೀಳ್ತೀನಿ, ದೂರದಲ್ಲಿ."

ಸುಮ್ಮನಿದ್ದರೆ ಸಾಕಿತ್ತು. ಏನೂ ಹೇಳದಿದ್ದರೆ ಅವನು ಇಲ್ಲೇ ಇರುತ್ತಾನೆ. ಪ್ರತಿ ಶನಿವಾರ ಚಹಾ, ಬೆಂಚು, ಕೈ ಮೇಲೆ ಕೈ. ಓಡುವುದಿಲ್ಲ, ಬೀಳುವುದೂ ಇಲ್ಲ. ಅವಳಿಗೆ ಲೋಕದಲ್ಲಿ ಬೇಕಾಗಿದ್ದದ್ದು ಇಷ್ಟೇ ಅಲ್ಲವೇ? ಬೀಳದ ಒಬ್ಬ ಮನುಷ್ಯ.

ಬುಟ್ಟಿಯ ಕೆಳಗೆ ನಂದೀಶ ಬಂದು ನಿಂತಿದ್ದ. ಕೈಯಲ್ಲಿ ಚೆಂಡಿರಲಿಲ್ಲ.

ವಚನಾ ಎಲ್ಲ ಹೇಳಿದಳು. ಧಾರವಾಡದ ಸಂಜೆಯನ್ನು, ಆ ಹುಡುಗನ ಹೆಸರನ್ನು, ಬಾಗಿಲ ಬಳಿ ಯಾರು ನಿಂತಿದ್ದರು ಎಂಬುದನ್ನು. ಅಕ್ಕನಿಗೂ ಹೇಳಿರದ ಮಾತುಗಳು ಒಂದೊಂದಾಗಿ, ತೊದಲುತ್ತ ಬಂದವು.

"ನಾನು ಆವತ್ತು ಹೆದರಿದ್ದು ಅವನ ಹೃದಯಕ್ಕೆ. ನಿನ್ನದು ಚೆನ್ನಾಗಿದೆ, ಆರ್ನೆಲ್. ನಿನಗೆ ಏನೂ ಆಗಿಲ್ಲ."

ಅವನ ಮುಖ ಕಪ್ಪಿಟ್ಟಿತು. ಎದ್ದ. ಅವಳನ್ನು ನೋಡದೆ ಕೋರ್ಟಿಗೆ ಹೋಗಿ ಚೆಂಡು ಎತ್ತಿಕೊಂಡ.

ಓಡಿದ. ಈ ತುದಿಯಿಂದ ಆ ತುದಿಗೆ, ಹಾರಿ ಚೆಂಡನ್ನು ಬುಟ್ಟಿಗೆ ಅಪ್ಪಳಿಸಿ, ಮತ್ತೆ ಹಿಂದಕ್ಕೆ. ತಿಂಗಳಿಡೀ ಹಿಡಿದಿಟ್ಟಿದ್ದ ಓಟವೆಲ್ಲ ಹೊರಗೆ ಬರುತ್ತಿತ್ತು. ನಂದೀಶ ನಿಂತಲ್ಲಿಂದ ಕದಲಲಿಲ್ಲ, ಆರ್ನೆಲ್ ಅವನ ಮೂಲಕವೇ ಹಾದು ಹೋಗುತ್ತಿದ್ದ. ಕಣ್ಣು ಮುಚ್ಚಿಕೊಳ್ಳಬೇಕೆಂದು ವಚನಾಳ ಮೈಯೆಲ್ಲ ಕೂಗಿತು. ಅವಳು ಮುಚ್ಚಲಿಲ್ಲ.

ಆಮೇಲೆ ಅವನು ಬಿದ್ದ.

ನಡು ಕೋರ್ಟಿನಲ್ಲಿ, ಅಂಗಾತ. ಚೆಂಡು ತನ್ನಷ್ಟಕ್ಕೆ ಉರುಳಿಹೋಯಿತು.

ಅವಳು ಓಡಿದಳು. ಹತ್ತಿರ ಹೋಗಿ ನೋಡಿದರೆ ಅವನ ಎದೆ ಏರಿಳಿಯುತ್ತಿತ್ತು, ಕಣ್ಣು ತೆರೆದಿತ್ತು.

"ಹೆದರಬೇಡಿ," ಎಂದ ಏದುಸಿರಿನ ನಡುವೆ. "ಸುಸ್ತಾಯ್ತು… ಅಷ್ಟೇ."

ಅವಳು ಅವನ ಪಕ್ಕದಲ್ಲೇ ಕುಸಿದು ಕುಳಿತು ಅತ್ತಳು. ಅವನು ತಡೆಯಲಿಲ್ಲ. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ, ಆದರೆ ಅವನ ಕೈ ಹುಡುಕಿಕೊಂಡು ಬಂದು ಅವಳ ಬೆರಳು ಹಿಡಿಯಿತು.

"ಸಾಯೋನ ಮೇಲೆ ಕನಿಕರಕ್ಕೆ ನೀವು ನನ್ನ ಜೊತೆ ಕೂರ್ತೀರಿ ಅಂದ್ಕೊಂಡಿದ್ದೆ."

"ಹುಣಸೆಹಣ್ಣು ನಮ್ಮ ರಾಸ್ಕಿಲ್‌ನಲ್ಲೂ ಸಿಗುತ್ತೆ," ಎಂದಳು ಅವಳು, ಶಾಲಿನಿಂದ ಮೂಗು ಒರೆಸಿಕೊಳ್ಳುತ್ತ. "ಕನಿಕರಕ್ಕೆ ಯಾರೂ ಬಸ್ಸು, ರೈಲು ಬದಲಾಯಿಸಿ ಅಷ್ಟು ದೂರ ಬರಲ್ಲ."

ಅವನು ತಲೆ ತಿರುಗಿಸಿ ಅವಳನ್ನೇ ನೋಡಿದ. ಮೊದಲ ಸಲ ಅವಳ ಹೆಸರು ಹಿಡಿದು ಕರೆದ.

"ವಚನಾ. ನಾನು ಮನಿಲಾಗೆ ಹೋಗ್ಬೇಕು."

"ಹೋಗು."

"ನೀನು?"

ವಚನಾ ಬುಟ್ಟಿಯ ಕಡೆ ನೋಡಿದಳು. ಪ್ರತಿ ಆಟದಲ್ಲೂ ಇವನು ಓಡುತ್ತಾನೆ. ಪ್ರತಿ ಆಟದಲ್ಲೂ ನನ್ನ ಜೀವ ಹೋಗಿ ಬರುತ್ತದೆ. ಕಿಟಕಿ ಮುಚ್ಚಿ ಕುಳಿತರೆ ಆ ಸದ್ದು ಕೇಳದು. ಇವನೂ ಸಿಗುವುದಿಲ್ಲ.

ಅವಳ ನೋಟ ಎಲ್ಲಿಗೆ ಹೋಯಿತೆಂದು ಆರ್ನೆಲ್ ಗಮನಿಸಿದ.

"ಅವನು ಈಗಲೂ ಇಲ್ಲಿದ್ದಾನಾ?"

"ಇದ್ದಾನೆ. ಆ ಬುಟ್ಟಿಯ ಕೆಳಗೆ."

ಅವನು ನಗಲಿಲ್ಲ. ಮೊಣಕೈ ಊರಿ ಎದ್ದು, ಖಾಲಿ ಜಾಗದತ್ತ ತಿರುಗಿ, ಎದುರು ತಂಡದ ಹಿರಿಯ ಆಟಗಾರನಿಗೆ ಮಾಡುವಂತೆ ತಲೆಬಾಗಿದ. ಆಮೇಲೆ ಮೆಲ್ಲಗೆ ಕೇಳಿದ.

"ಅಮ್ಮನ ಪಕ್ಕ ಎರಡು ಸೀಟು ಹಿಡಿಸ್ತೀನಿ. ನಿನಗೊಂದು, ಅವನಿಗೊಂದು. ಬರ್ತೀಯಾ?"

ವಚನಾ ಅವನ ಬೆವರಿದ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು.

"ಒಂದು ಸಾಕು," ಎಂದಳು. "ಅವನಿಗೆ ಕೂತು ಗೊತ್ತಿಲ್ಲ."