ಮಸಿಪಟ್ಟಿಯ ಗೆರೆ

ಹೇಮಗಿರಿಯ ಅರಮನೆಯ ಮಹಾದ್ವಾರದಲ್ಲಿ ಆ ಬೆಳಗ್ಗೆ ನೌಬತ್ತು ಮೊಳಗುತ್ತಿತ್ತು. ಪಟ್ಟದಾನೆಯ ಹಣೆಗೆ ಗಂಧ, ಬ್ರಿಟಿಷ್ ರೆಸಿಡೆಂಟ್ ಸಾಹೇಬರ ಸಾರೋಟಿನ ಹಿಂದೆ ಕೆಂಪು ರುಮಾಲಿನ ಸವಾರರು. ಇಪ್ಪತ್ತು ತುಂಬಿದ ಅರಸು ಬಸವಲಿಂಗ ನಾಯಕರಿಗೆ ರಾಜ್ಯಾಧಿಕಾರ ದೊರೆಯುವ ಶುಭದಿನವದು. ಹೃದ್ರೋಗದ ಚಿಕಿತ್ಸೆಯಲ್ಲಿ ನುರಿತ ಅರಮನೆಯ ಡಾಕ್ಟರು ವಿರೂಪಾಕ್ಷಯ್ಯನವರು ಸೋಮೇಶ್ವರನ ವಿಭೂತಿ ಧರಿಸಿ ದರ್ಬಾರಿಗೆ ಬಂದರು.

ಅಷ್ಟರಲ್ಲಿ ದಿವಾನ್ ಅಚ್ಯುತರಾಯರು ಎದ್ದು ನಿಂತರು. ಡಾಕ್ಟರರ ಬಾಲ್ಯಸ್ನೇಹಿತರು, ಹತ್ತು ವರ್ಷ ಅರಸರ ಹೆಸರಿನಲ್ಲಿ ರಾಜ್ಯವಾಳಿ ಅದರ ರುಚಿ ಕಂಡವರು.

"ಸಾಹೇಬರು ಕ್ಷಮಿಸಬೇಕು. ಅರಸರ ಹೃದಯ ದುರ್ಬಲ. ರಾಜ್ಯಭಾರ ಹೊತ್ತರೆ ವರ್ಷ ಕಳೆಯಲಾರರು. ಇಗೋ, ನಮ್ಮ ಡಾಕ್ಟರರದೇ ಸಾಕ್ಷಿ!"

ಅವರ ಕೈಯಲ್ಲೊಂದು ಮಸಿಪಟ್ಟಿ. ಮಣಿಕಟ್ಟಿಗೆ ನಾಡಿಯಂತ್ರ ಬಿಗಿದರೆ, ದೀಪದ ಹೊಗೆ ಹಿಡಿಸಿದ ಕಾಗದದ ಮೇಲೆ ಅದರ ಸೂಜಿ ನಾಡಿಯ ಏರಿಳಿತವನ್ನು ಬಿಳಿಗೆರೆಯಾಗಿ ಗೀರುತ್ತಿತ್ತು. ಈ ಗೆರೆ ಏಳುತ್ತ, ತಡವರಿಸುತ್ತ, ಕುಸಿದಿತ್ತು. ಕೆಳಗೆ ವಿರೂಪಾಕ್ಷಯ್ಯನವರ ರುಜು.

ನಿನ್ನೆ ಅಚ್ಯುತ ಮನೆಗೆ ಬಂದು, ತೀರ್ಥ ತೆಗೆದುಕೊಂಡು, ಪಟ್ಟಿಗಳಿದ್ದ, ಬೀಗ ತೆಗೆದಿದ್ದ ಯಂತ್ರದ ಪೆಟ್ಟಿಗೆಯ ಬಳಿ ಕುಳಿತದ್ದು ಡಾಕ್ಟರರಿಗೆ ನೆನಪಾಯಿತು. ತಾವು ಪ್ರಸಾದ ತರಲು ಒಳಹೋಗಿದ್ದರು. ಶಿವನೇ, ಪ್ರಸಾದಕ್ಕೆ ಒಡ್ಡಿದ ಕೈಯೇ ಕದ್ದಿತೇ!

ಯಂತ್ರ ಸರಿಯಿದೆಯೇ ಎಂದು ನೋಡಲು, ಅರಸರಿಗೆ ಕಟ್ಟುವ ಮೊದಲು ತಮ್ಮ ಕೈಗೇ ಕಟ್ಟಿಕೊಳ್ಳುವುದು ಅವರ ಪದ್ಧತಿ. ಒಡೆಯರ ಹೆಸರು ಬರೆಯುವುದು ಮರ್ಯಾದೆಯಲ್ಲವೆಂದು ಪಟ್ಟಿಗಳಿಗೆ ತಾರೀಖು, ರುಜು ಮಾತ್ರ. ದಿವಾನರು ಕೆಟ್ಟ ಗೆರೆಯನ್ನೇ ಆರಿಸಿದ್ದರು. ಅದು ವಿರೂಪಾಕ್ಷಯ್ಯನವರ ನಾಡಿ. ರೋಗಿಯಾದ ವೈದ್ಯ ಅರಸರ ಮೈ ಮುಟ್ಟಕೂಡದೆಂಬುದು ಸಂಸ್ಥಾನದ ಕಟ್ಟಳೆ. ಈ ದಿನವೊಂದನ್ನು ಕಂಡುಬಿಡೋಣವೆಂದು ಮೂರು ತಿಂಗಳಿಂದ ಬೇನೆಯನ್ನು ಮುಚ್ಚಿಟ್ಟಿದ್ದರು.

ದಿವಾನರು ಬಳಿ ಬಂದು ಪಿಸುಗುಟ್ಟಿದರು: "ಸುಮ್ಮನಿರು ವಿರೂಪಣ್ಣ. ನಿನ್ನ ಪದವಿಗೆ ಕುಂದು ಬಾರದು."

"ಕದ್ದದ್ದಂತೂ ಕದ್ದೆ, ಅಚ್ಯುತ. ಯಾರ ನಾಡಿಯೆಂದಾದರೂ ಕೇಳಬಾರದಿತ್ತೇ?"

ಡಾಕ್ಟರು ಸಭೆಯ ನಡುವೆಯೇ ಯಂತ್ರ ತರಿಸಿದರು. ಅರಸರ ಕೈಗೆ ಕಟ್ಟಿದಾಗ ಗೆರೆ ತುಂಬುಹೊಳೆಯ ಅಲೆಯಂತೆ ಸಮನಾಗಿ ಹರಿಯಿತು. ಬಳಿಕ ತಮ್ಮ ಕೈಗೆ ಕಟ್ಟಿಕೊಂಡರು. ಅದೇ ತಡವರಿಕೆ, ಅದೇ ಕುಸಿತ. ಸಾಹೇಬರು ಪಟ್ಟಿಗಳನ್ನು ಹೋಲಿಸಿ ನೋಡಿ, ಅಧಿಕಾರಪತ್ರವನ್ನು ಅರಸರಿಗೆ ನೀಡಿದರು.

"ನಮ್ಮಿಂದಲೂ ಮುಚ್ಚಿಟ್ಟಿರಾ, ಡಾಕ್ಟರೇ?" ಅರಸರು ಸಿಂಹಾಸನವಿಳಿದು ಕೈಚಾಚಿದರು.

ವಿರೂಪಾಕ್ಷಯ್ಯನವರು ಹಿಂದೆ ಸರಿದು, ಪೆಟ್ಟಿಗೆಯ ಬೀಗದಕೈಯನ್ನು ಪಾದಪೀಠದ ಬಳಿ ಇಟ್ಟರು. "ಇನ್ನು ಈ ಕೈ ತಮ್ಮನ್ನು ಮುಟ್ಟಬಾರದು, ಮಹಾಸ್ವಾಮಿ."

ಅಲ್ಲಿಂದ ನೆಟ್ಟಗೆ ಸೋಮೇಶ್ವರನ ಗುಡಿಗೆ ನಡೆದರು. ಅರ್ಚನೆ ಯಾರ ಹೆಸರಿನಲ್ಲೆಂದು ಅರ್ಚಕರು ಕೇಳಿದಾಗ ಅರಸರ ಹೆಸರು ಹೇಳಿದರು.

"ತಮ್ಮದು?"

ವೃದ್ಧರು ತಟ್ಟೆಗೆ ಇನ್ನೊಂದು ಕಾಣಿಕೆ ಹಾಕಿದರು.

"ನನ್ನದು ಬೇಡ. ಅಚ್ಯುತ ಅಂತ ಹೇಳಿ, ಸ್ವಾಮಿ. ಅನೂರಾಧಾ ನಕ್ಷತ್ರ."