ಅಲ್-ಗೋ-ದೋನ್ ಅನ್ನುವ ಗಂಡ

ಬೆಳಗಾದರೆ ಸಾಕು, ನಮ್ಮ ಮನೆಯವರು ಪಡಸಾಲೆಯಲ್ಲಿ ಕೂತು ತೊಡೆ ತಟ್ಟುತ್ತ ಶುರು ಮಾಡುತ್ತಿದ್ದರು. ಅಲ್! ಗೋ! ದೋನ್! ಮಾತಿನ ಒಂದೊಂದು ತುಂಡಿಗೂ ಒಂದೊಂದು ಏಟು. ಆ ಭಾಷೆಗೆ ಸ್ಪ್ಯಾನಿಶ್ ಅಂತ ಹೆಸರಂತೆ, ಆ ಮಾತಿಗೆ ಅರಳೆ ಅಂತ ಅರ್ಥವಂತೆ. ಬೈಲಹೊಂಗಲದ ಅರಳೆಯನ್ನು ಸ್ಪೇನ್ ದೇಶಕ್ಕೆ ಮಾರುವ ಮುಂಬಯಿ ಸಾಹುಕಾರರು ತಮ್ಮಲ್ಲಿ ದುಡಿಯುವ ಇವರನ್ನು ಮೂರು ವರ್ಷದ ಮಟ್ಟಿಗೆ ಅಲ್ಲಿಗೆ ಕಳಿಸುವವರಿದ್ದರು.

ಈ ಸುದ್ದಿ ನನಗೆ ಹೇಳಿದ್ದು ಯಾರು? ಅತ್ತೆ! ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನನ್ನನ್ನು ದೇಗಾಂವದ ತವರಿಗೆ ಕಳಿಸುವುದೂ ತಾಯಿ ಮಗನ ನಡುವೆಯೇ ತೀರ್ಮಾನವಾಗಿಹೋಗಿತ್ತು. ನನಗೆ ಮೈಯೆಲ್ಲ ಉರಿಯಿತು.

“ಪದ್ಮಾ, ಮಾರಿ ಯಾಕ ಗಂಟ ಹಾಕೀದಿ? ಬಾ, ಕುಂದ್ರು,” ಅಂದರು ಇವರು, ಕಣ್ಣಲ್ಲೇ ನಗುತ್ತ. “ಮಾತು ಹೆಂಗ ಒಡೀಬೇಕು ಹೇಳಿಕೊಡತೇನಿ. ಕಾ, ಮೀ, ಸಾ. ನಡುವಿನ ತುಂಡಿಗೆ ಒತ್ತು. ಹಂಗಂದ್ರ ಅಂಗಿ.”

“ಕಮೀಸಕ್ಕ ಕಮೀಸ ಅನ್ನಾಕ ಹಡಗ ಹತ್ತಬೇಕೇನ್ರಿ? ಇಲ್ಲೇ ಸಿಂಪಿಗ್ಯಾನ ಅಂಗಡ್ಯಾಗ ಅನ್ನಬಹುದಲ್ಲ!”

ಗೊಳ್ಳೆಂದು ನಕ್ಕರು. ಆ ನಗುವಿಗೇ ನಾನು ಮರುಳಾಗಿದ್ದು, ಅದು ಬೇರೆ ಮಾತು. ಹಾಳಾಗಲಿ ಅಂತ ಎದುರಿಗೆ ಕೂತೆ.

“ಎಸ್, ಪೋ, ಸಾ. ಅಂದ್ರ ಹೇಣ್ತಿ,” ಅಂದರು. ಪೋ ಅನ್ನುವಾಗ ತುಟಿ ದುಂಡಗಾಗಬೇಕಂತೆ. ಸರಿಯಾಯಿತೋ ಇಲ್ಲವೋ ಅಂತ ನನ್ನ ತುಟಿಯನ್ನೇ ನೋಡುತ್ತ ಕೂತುಬಿಟ್ಟರು. ನಾಚಿಕೆಯೂ ಬಂತು, ಸಿಟ್ಟೂ ಇಮ್ಮಡಿಯಾಯಿತು.

“ಹೇಣ್ತಿ ಅನ್ನೂದನ್ನ ಮೂರು ತುಂಡು ಮಾಡಿ ಕಲತ್ರಿ. ಹೇಣ್ತೀನ ಒಂದ ಮಾತು ಕೇಳಬೇಕಂತ ತಿಳೀಲಿಲ್ಲೇನ್ರಿ?”

“ನೀ ಹಡಗಂದ್ರ ಹೆದರತೀ ಅಂತ ಅವ್ವ...”

“ಅವ್ವನ್ನ ಕೇಳಿದ್ರಿ. ನನ್ನ ಕೇಳಿದ್ರೇನು?”

ಒಳಗಿನಿಂದ ಅತ್ತೆ, “ಹೆಣ್ಮಗಳು ಸಮುದ್ರ ದಾಟೂದು ಎಲ್ಲ್ಯರ ಐತೇನು!” ಅಂತ ಶುರು ಮಾಡಿದರು. ಇವರು ರುಮಾಲು ಸುತ್ತಿಕೊಂಡು ಪೇಟೆಯ ಕಡೆ ನಡೆದೇಬಿಟ್ಟರು. ನನಗೆ ಜವಾಬು ಕೊಡದೆ!

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಎತ್ತುವುದು ಮದುವೆ ಮುಂಜಿಯಲ್ಲಿ ಪ್ರಾಸ ಕಟ್ಟಿ ಒಡಪು ಹೇಳುವಾಗ ಮಾತ್ರ, ಅದೂ ನಾಲ್ಕು ಮಂದಿ ಕಾಡಿಸಿದ ಮೇಲೆ. ನಾನು ಹೊಸ್ತಿಲಲ್ಲಿ ನಿಂತು, ಬಾಗಿಲು ಬಡಿಯುತ್ತ, ಇವರ ಹೆಸರನ್ನೇ ತುಂಡು ಮಾಡಿ ಕೂಗಿದೆ.

“ಅಂ! ದಾ! ನೆ! ಪ್ಪಾ!”

ಓಣಿಯವರೆಲ್ಲ ಬಾಗಿಲಿಗೆ ಬಂದರು. ಅತ್ತೆ “ಶಿವಶಿವಾ” ಅಂದರು. ಇವರು ತಿರುಗಿ ಬಂದರು, ಮುಖ ಕೆಂಪಾಗಿತ್ತು. ಹೊಡೆದೇ ಹೊಡೆಯುತ್ತಾರೆ ಅಂದುಕೊಂಡೆ.

“ನಾನೂ ಬರತೇನಿ,” ಅಂದೆ. “ನಿಮ್ಮನ್ನ ಬಿಟ್ಟು ಮೂರು ವರ್ಷ ನನ್ನ ಕಡಿಂದ ಆಗೂದಿಲ್ಲ. ಬ್ಯಾಡಂದ್ರ ದಿನಾ ಹಿಂಗ ಕೂಗತೇನಿ, ನೋಡ್ರಿ.”

ಇವರು ಒಳಗೆ ಬಂದು, ಸುತ್ತಿದ್ದ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದರು.

“ಅವ್ವಗ ನಾ ಹೇಳತೇನಿ. ನೀ ಗಂಟು ಕಟ್ಟು,” ಅಂದರು. ಆಮೇಲೆ ಮೆಲ್ಲಗೆ, “ಇನ್ನೊಮ್ಮೆ ಹೆಸರ ಹಿಡದ ಕರಿ,” ಅಂದರು.