ಮೂರ್ತಿಯ ಕಂಪ್ಯೂಟರ್ ಏಳಬೇಕಿತ್ತು

ನನ್ನ ರಿಪೇರಿ ಅಂಗಡಿಯ ಶಟರ್ ಮೇಲೆ ರಾಡ್ ಬಿತ್ತು. ಧಡ್!

"ಲೇ ಮುನೀಂದ್ರ! ಡಬ್ಬ ಆಚೆ ಕೊಡು. ಇಲ್ಲಾಂದ್ರೆ ಶಟರ್ ಸಮೇತ ನಿನ್ನೂ ಸುತ್ತಿಬಿಡ್ತೀನಿ!"

ಗೋವಿಂದರಾಜು. ಸೀರೆ ಮಗ್ಗಗಳ ಮಾಲೀಕ ಚಲಪತಿಯ ಕೈಯಾಳು. ತೊಂಬತ್ತು ಕೆಜಿ ಮೈ, ಒಂಬತ್ತು ಗ್ರಾಂ ಮೆದುಳು.

ನನ್ನ ಕಣ್ಣು ಸ್ಕ್ರೀನ್ ಮೇಲಿತ್ತು. ಬೂಟ್ ಡಿಸ್ಕ್ ಹಾಕು ಅಂತ ಅದು ಆರನೇ ಸಲ ಕೇಳ್ತಿತ್ತು. ಹಾಕಿದೀನಲ್ಲ, ಮುಂಡೇದೇ!

ಟೈಮು ಮೂರೂ ಮುಕ್ಕಾಲು. ಐದಕ್ಕೆ ದೊಡ್ಡಬಳ್ಳಾಪುರದ ನೇಕಾರರ ಸಂಘದಲ್ಲಿ ಪಂಚಾಯ್ತಿ.

ಪಕ್ಕದ ಸ್ಟೂಲ್ ಮೇಲೆ ಕದಿರಮ್ಮ ಕೂತಿದ್ದಳು. ನನ್ನ ಗೆಳೆಯ ಮೂರ್ತಿಯ ಹೆಂಡತಿ. ಮೂರ್ತಿ ತೀರಿಹೋಗಿ ಒಂದೂವರೆ ವರ್ಷ. ಅವನು ಬರೆದ ಹುಣಸೆ ಚಿಗುರಿನ ಸೀರೆ ಅಂಚು ಅವಳ ಆರೂ ಮಗ್ಗದ ಮೇಲೆ ಓಡ್ತಿದೆ. ಚಲಪತಿ ಈಗ ಆ ಡಿಸೈನ್ ತನ್ನದು ಅಂತಾನೆ. ಐದು ಗಂಟೆಗೆ ಸಾಕ್ಷಿ ತೋರಿಸದಿದ್ದರೆ ಅವಳು ಆರೂ ಮಗ್ಗ ನಿಲ್ಲಿಸಬೇಕು.

ಸಾಕ್ಷಿ ಈ ಡಬ್ಬದೊಳಗೆ. ಮೂರ್ತಿಯ ಹಳೇ ಕಂಪ್ಯೂಟರ್. ವಿಂಡೋಸ್ ಮಲಗಿದೆ, ಒಳಗಿನ ಡಿಸ್ಕ್ ಡ್ರೈವ್ ಸತ್ತಿದೆ. ಮೂರ್ತಿ ಬರೆದಿಟ್ಟಿದ್ದ ರಿಪೇರಿ ಡಿಸ್ಕನ್ನು ಹೊರಗಿನ ಡ್ರೈವ್‌ಗೆ ಹಾಕಿ ಎಬ್ಬಿಸಬೇಕು. ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಮಷಿನ್‌ಗೆ ಹಾಕಬಹುದಲ್ಲ ಅಂತೀರಾ? ಆಗಲ್ಲ. ಮೂರ್ತಿಯ ಡ್ರಾಫ್ಟುಗಳು ಈ ಡಬ್ಬದ ಸಾಫ್ಟ್‌ವೇರ್ ಬಿಟ್ಟು ಇನ್ನೆಲ್ಲೂ ತೆರೆಯಲ್ಲ. ಮಗ್ಗಕ್ಕೆ ಹಾಕೋ ಕೊನೇ ಫೈಲು ಮಾತ್ರ ಎಲ್ಲಾದರೂ ಓಡುತ್ತೆ.

ಡ್ರೈವ್ ತಿರುಗಿತು... ಟಿಕ್... ಟಿಕ್... ನಿಂತಿತು.

ಬೂಟ್ ಆರ್ಡರ್ ನೋಡಿದೆ. ಹೊರಗಿನ ಡ್ರೈವೇ ಮೊದಲು. ಸರಿ ಇದೆ. ಲೆನ್ಸ್ ಒರೆಸಿದೆ. ಕೇಬಲ್ ಬದಲಾಯಿಸಿದೆ. ಅದೇ ಟಿಕ್!

ಫೋನ್ ಬಡಿದುಕೊಂಡಿತು.

ನನ್ನ ಫೋನ್‌ನಲ್ಲಿ ನಾನೂರು ನಂಬರ್ ಇವೆ. ‘ಸಾಸಲು ಪ್ರಿಂಟರ್’, ‘ತೂಬಗೆರೆ ಯುಪಿಎಸ್’, ಹೀಗೆ. ಮಷಿನ್ ಕೆಟ್ಟರೆ ಮಾತ್ರ ನೆನಪಾಗೋ ಮನುಷ್ಯ ನಾನು. ಅಂಗಡಿ ಹಿಂದೆ ಒಂದು ರೂಮು, ಒಂದು ತಟ್ಟೆ, ಒಂದು ಲೋಟ. ಏನೂ ಕೆಡದೆ ಇದ್ದಾಗಲೂ ಫೋನ್ ಮಾಡ್ತಿದ್ದವನು ಮೂರ್ತಿ ಒಬ್ಬನೇ. "ಟೀಗೆ ಬಾರೋ" ಅಂತಿದ್ದ, ಅಷ್ಟೇ. ಅವನು ಹೋದ ಮೇಲೆ ನಾನು ಟೀ ಬಿಟ್ಟೆ.

ಫೋನ್ ಮಾಡಿದವನು ಚಲಪತಿ.

"ಏನ್ ಗುರು, ಡಬ್ಬ ಎದ್ದಿತಾ?"

"ಏಳ್ತದೆ."

"ಏಳಿಸ್ಬೇಡ ಕಣೋ. ಎದ್ರೆ ಆ ಫೈಲು ನಂಗೆ ಹೆಂಗ್ ಬಂತು ಅಂತ ಕೇಳ್ತಾರೆ. ನಿನ್ ಹೆಸರು ಹೇಳ್ತೀನಿ. ಸುಳ್ಳಾ?"

ಸುಳ್ಳಲ್ಲ.

ಮೂರು ವರ್ಷದ ಹಿಂದೆ ಮೂರ್ತಿಯ ಮಷಿನ್ ಫಾರ್ಮ್ಯಾಟ್ ಮಾಡುವಾಗ ಅವನ ಫೈಲೆಲ್ಲ ನನ್ನ ಡಿಸ್ಕಿನಲ್ಲಿ ಇಟ್ಟಿದ್ದೆ. ಅಳಿಸೋಕೆ ಸೋಮಾರಿತನ. ಮಾರನೇ ವಾರ ಅದೇ ಡಿಸ್ಕಿನಿಂದ ಚಲಪತಿಯ ಕಂಪ್ಯೂಟರ್‌ಗೆ ಸಾಫ್ಟ್‌ವೇರ್ ಹಾಕುವಾಗ ‘ಫೈನಲ್’ ಅನ್ನೋ ಫೋಲ್ಡರೂ ಜೊತೆಗೆ ಹೋಯ್ತು. ಚಲಪತಿಯ ಸೀರೆ ಮಾರ್ಕೆಟ್ಟಿಗೆ ಬಂದಾಗ ಗುರುತು ಹಿಡಿದೆ... ಹೆದರಿಕೊಂಡು ನನ್ನ ಕಾಪಿ ಅಳಿಸಿಬಿಟ್ಟೆ. ಮೂರ್ತಿಗೆ ಹೇಳಲಿಲ್ಲ. ಅವನು ಸಾಯೋವರೆಗೂ ಅವನ ಜೊತೆ ಟೀ ಕುಡಿದೆ.

ಫೋನ್ ಕಟ್ ಮಾಡಿದೆ.

"ಯಾರಪ್ಪಾ ಅದು?" ಅಂದಳು ಕದಿರಮ್ಮ.

"ರಾಂಗ್ ನಂಬರ್, ಅತ್ತಿಗೆ."

ಧಡ್! ಶಟರ್ ಕೆಳಗೆ ಬೆಳಕು ಕಂಡಿತು. ಬಗ್ತಾ ಇದೆ.

ಟಿಕ್ ಅಂದರೆ ಕರೆಂಟ್ ಸಾಲ್ತಿಲ್ಲ. ಈ ಡ್ರೈವ್‌ನ ಕೇಬಲ್‌ಗೆ ಎರಡು ತಲೆ. ಎರಡನ್ನೂ ಚುಚ್ಚಬೇಕು. ಡಬ್ಬದ ಮುಂದೆ ಇರೋದು ಎರಡೇ ಪೋರ್ಟು. ಒಂದರಲ್ಲಿ ಕೀಬೋರ್ಡ್, ಇನ್ನೊಂದರಲ್ಲಿ ಕೇಬಲ್‌ನ ಒಂದು ತಲೆ. ಹಿಂದೆ ನಾಲ್ಕಿವೆ. ಒಂದರೊಳಗೂ ಪಿನ್ ಇಳೀತಿಲ್ಲ!

ಡಬ್ಬ ತಿರುಗಿಸಿದೆ. ಟಾರ್ಚ್ ಬಿಟ್ಟೆ.

ನಾಲ್ಕೂ ಪೋರ್ಟಿನ ತುಂಬ ಹಳದಿ, ಕೆಂಪು. ಒಣಗಿ ಗಾರೆ ಆಗಿತ್ತು.

"ಅತ್ತಿಗೆ... ಆಯುಧಪೂಜೆ ಮಾಡಿದ್ರಾ?"

"ಹೂಂ ಕಣಪ್ಪಾ. ಹೋದ್ವರ್ಷ ಮನೇಲಿ ಹಬ್ಬ ಇರ್ಲಿಲ್ಲ. ಈ ವರ್ಷ ನಾನೇ ಮಾಡ್ದೆ. ಅವ್ರು ಹಿಂದೆ ಮುಂದೆ ಎಲ್ಲಾ ಅರಿಶಿನ ಕುಂಕುಮ ಇಡೋರು. ನಾನೂ ಕಲಸಿ ಚೆನ್ನಾಗಿ ಮೆತ್ತಿದೆ. ತಪ್ಪಾಯ್ತಾ?"

ಮೂರ್ತಿ ಪೂಜೆಗೆ ಮುಂಚೆ ಪೋರ್ಟಿಗೆಲ್ಲ ಟೇಪ್ ಅಂಟಿಸ್ತಿದ್ದ. ಅದು ಅವಳಿಗೆ ಗೊತ್ತಿರಲಿಲ್ಲ. ಹೇಳಿಕೊಡೋಕೆ ಅವನಿಲ್ಲ.

"ಏನೂ ತಪ್ಪಿಲ್ಲ," ಅಂದೆ.

ಒಂದು ಕ್ಷಣ ಕೂತೆ. ಆಗಲಿಲ್ಲ ಅಂತ ಹೇಳಿದರೆ ಸಾಕು. ಅವಳು ನಂಬ್ತಾಳೆ. ನನ್ನ ಅಂಗಡಿ ಉಳಿಯುತ್ತೆ.

ಧಡ್!

ಪ್ಲಗ್ ಕಿತ್ತೆ. ಸೂಜಿ ತಗೊಂಡೆ. ಹಲ್ಲುಜ್ಜೋ ಬ್ರಷ್ಷಿಗೆ ಸ್ಪಿರಿಟ್ ಹಾಕಿ ಉಜ್ಜಿದೆ. ಎರಡು ಪೋರ್ಟು ತೆರೆದವು. ಊದಿ ಒಣಗಿಸಿ ಕೇಬಲ್‌ನ ಎರಡೂ ತಲೆ ಚುಚ್ಚಿದೆ. ಸ್ವಿಚ್ ಒತ್ತಿದೆ.

ಟಿಕ್ ಇಲ್ಲ... ಗುಂಯ್ ಅಂತ ಸಲೀಸಾಗಿ ತಿರುಗಿತು!

ರಿಪೇರಿ ಹತ್ತೇ ನಿಮಿಷ. ವಿಂಡೋಸ್ ಎದ್ದಿತು. ಶಟರ್‌ನ ಒಂದು ಕೊಂಡಿ ಕಿತ್ತು ಬಂತು.

"ಹಿಂದಿನ ಬಾಗ್ಲು, ಅತ್ತಿಗೆ! ಓಡಿ!"

ಟಿವಿಎಸ್ ಮೇಲೆ ನಾನು. ಹಿಂದೆ ಡಬ್ಬ ತಬ್ಬಿಕೊಂಡು ಅವಳು. ಗೋವಿಂದರಾಜು ಕಾರು ಹತ್ತಿದ. ಬಸ್‌ಸ್ಟ್ಯಾಂಡ್ ಸುತ್ತಿ ಬಂದ. ಹಾರ್ನ್ ಬೆನ್ನಿಗೇ ಅಂಟಿತು. ಮಗ್ಗದ ಶೆಡ್‌ಗಳ ನಡುವಿನ ಓಣಿಗೆ ನುಗ್ಗಿದೆ. ಮೂರಡಿ ಓಣಿ! ಹಿಂದೆ ಗೋಡೆಗೆ ಕಾರು ಉಜ್ಜಿದ ಸದ್ದು. ಆಮೇಲೆ ಅವನ ಬೈಗುಳ.

"ಬಿದ್ರೂ ಇದನ್ನ ಬಿಡಲ್ಲ, ನೀನು ಹೊಡಿ!" ಅಂದಳು ಕದಿರಮ್ಮ.

ಐದಕ್ಕೆ ಮೂರು ನಿಮಿಷ. ಸಂಘದ ಮಾನಿಟರ್‌ಗೆ ಡಬ್ಬ ಜೋಡಿಸಿದೆ. ಮೂರ್ತಿಯ ಫೋಲ್ಡರ್ ತೆರೆಯಿತು. ಮೊದಲ ಗೀಟಿನಿಂದ ಹಿಡಿದು ಮೂವತ್ತೊಂದು ಡ್ರಾಫ್ಟ್. ತಪ್ಪು, ತಿದ್ದಿದ್ದು, ತಾರೀಖು, ಎಲ್ಲಾ. ಕದಿರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಅಧ್ಯಕ್ಷ ಆದಿನಾರಾಯಣಪ್ಪ ಕನ್ನಡಕ ಸರಿಮಾಡಿಕೊಂಡರು. "ಚಲಪತಿ, ನಿನ್ನ ಹತ್ರ ಇಂಥವು ಎಷ್ಟಿವೆ?"

"ಕೊನೇದು... ಒಂದೇ."

"ಹಂಗಾದ್ರೆ ಅಂಚು ಮೂರ್ತೀದು. ನಿನ್ ಮಗ್ಗದಿಂದ ಇಳಿಸು. ಅದಿರ್ಲಿ, ನಿಂಗೆ ಕೊಟ್ಟೋರು ಯಾರು?"

ಚಲಪತಿ ನನ್ನ ಕಡೆ ತಿರುಗಿದ. ಬಾಯಿ ತೆರೆದ.

"ನಾನು," ಅಂದೆ ನಾನೇ.

ಕೂತಿದ್ದವರಲ್ಲಿ ಅರ್ಧ ಜನರ ಕಂಪ್ಯೂಟರ್ ನನ್ನ ಕೈ ದಾಟಿಯೇ ಹೋಗಿದ್ದವು. ತಮ್ಮ ಯಾವ ಫೈಲು ನನ್ನ ಹತ್ತಿರ ಉಳಿದಿರಬಹುದು ಅಂತ ಒಬ್ಬೊಬ್ಬರೂ ಲೆಕ್ಕ ಹಾಕ್ತಿದ್ದರು.

ಡಬ್ಬ ಎತ್ತೋಕೆ ಬಗ್ಗಿದೆ.

"ಮುಟ್ಬೇಡ," ಅಂದಳು ಕದಿರಮ್ಮ. "ನಾನೇ ಎತ್ಕೊತೀನಿ."

ಎತ್ತಿಕೊಂಡಳು. ತಿರುಗಿ ನೋಡದೆ ಹೋದಳು.

ಇದಾಗಿ ನಾಲ್ಕು ತಿಂಗಳು. ಶಟರ್ ರಿಪೇರಿ ಮಾಡಿಸಿದೀನಿ. ದಿನಾ ಒಂಬತ್ತಕ್ಕೆ ಎತ್ತುತ್ತೀನಿ, ರಾತ್ರಿ ಎಂಟಕ್ಕೆ ಇಳಿಸ್ತೀನಿ. ಆರೂ ಮಗ್ಗ ಓಡ್ತಿವೆಯಂತೆ.

ವಿಚಿತ್ರ ನೋಡಿ... ಅವತ್ತಿನಿಂದ ದೊಡ್ಡಬಳ್ಳಾಪುರದಲ್ಲಿ ಒಂದು ಕಂಪ್ಯೂಟರೂ ಕೆಟ್ಟಿಲ್ಲ!